ಪ್ಲಸ್ ಹಿಡಿ, ಮೈನಸ್ ಬುಡು

ಸೋಮವಾರ ಮಧುಗಿರಿ, ಮಂಗಳವಾರ ಕೊರಟಗೆರೆ, ಬುಧವಾರ ಶಿರಾ, ಗುರುವಾರ ಪಾವಗಡ. ಹೀಗೆ ಬಸ್ಸಿನಲ್ಲಿ ನಾಲ್ಕು ಊರು ಸುತ್ತಿ ಪಿಯುಸಿಯವರಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುವುದು ನನ್ನ ವೃತ್ತಿ. ಸ್ವಂತ ಪೀಠವಿಲ್ಲದ ಜಗದ್ಗುರು ಎನ್ನಬಹುದು. ದಾರಿಯಲ್ಲಿ ಬೇರೆಯವರು ಎಲೆ ಅಡಿಕೆ ಹಾಕಿಕೊಳ್ಳುವಂತೆ ನಾನು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿಕೊಳ್ಳುತ್ತೇನೆ.

ಸಮತೋಲನದ ಲೆಕ್ಕಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ವರ್ಗ ಸಮೀಕರಣ ಅಡ್ಡ ಮಲಗಿರುತ್ತದೆ. ಅದಕ್ಕೆ ಎರಡು ಉತ್ತರ: ಸೂತ್ರದಲ್ಲಿ ಪ್ಲಸ್ ಹಾಕಿದರೆ ಒಂದು, ಮೈನಸ್ ಹಾಕಿದರೆ ಇನ್ನೊಂದು. ದುರ್ಬಲ ಆಮ್ಲಗಳ ಲೆಕ್ಕದಲ್ಲಿ ಮೈನಸ್ಸಿನ ಉತ್ತರ ಸೊನ್ನೆಗಿಂತ ಕೆಳಗಿಳಿದು ಕೆಲಸಕ್ಕೆ ಬಾರದಾಗುತ್ತದೆ. ಆದ್ದರಿಂದ ಅದನ್ನು ಕಂಡುಹಿಡಿಯುವ ಶ್ರಮವೇ ಬೇಡವೆಂದು ನಾನು ಬಹಳ ಹಿಂದೆಯೇ ಶಾಸನ ಹೊರಡಿಸಿದ್ದೆ. ಪರೀಕ್ಷೆಯಲ್ಲಿ ಎರಡು ನಿಮಿಷ ಉಳಿತಾಯ. ಶಿಷ್ಯಕೋಟಿ ಅದನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡು, 'ಪ್ಲಸ್ ಹಿಡಿ, ಮೈನಸ್ ಬುಡು' ಎಂದು ಪಠಿಸುತ್ತಿತ್ತು.

ಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ದಿನ, ಪಾವಗಡದ ಬಸ್ಸಿನಲ್ಲಿ, ಸುಮ್ಮನೆ ಕೂರಲಾರದೆ ಒಂದು ಲೆಕ್ಕ ಮಾಡಿದೆ. ಡಬ್ಬಿಯೊಳಗೆ ಒಂದು ಮೋಲ್ ಹೈಡ್ರೋಜನ್, ಎರಡು ಮೋಲ್ ಅಯೋಡಿನ್; ಸಮತೋಲನಕ್ಕೆ ಬರುವಷ್ಟರಲ್ಲಿ ಎಷ್ಟು ಹೈಡ್ರೋಜನ್ ಖರ್ಚಾಯಿತು? ಶಾಸನದಂತೆ ಪ್ಲಸ್ ಹಿಡಿದೆ. ೨.೩ ಬಂತು. ಹಾಕಿದ್ದೇ ಒಂದು, ಖರ್ಚಾದದ್ದು ಎರಡು ಕಾಲು ಚಿಲ್ಲರೆ. ಬೆವರುತ್ತಾ ಮೈನಸ್ ಹಿಡಿದೆ. ೦.೯೪. ಸೊನ್ನೆಗಿಂತ ಮೇಲೆಯೇ ಇತ್ತು, ಸರಿಯಾಗಿಯೂ ಇತ್ತು.

ಕಂಡಕ್ಟರ್ ಬಗ್ಗಿ ನೋಡಿದ. "ಯಾಕ್ ಸಾ, ಏನಾರ ಕಳ್ದೋಯ್ತಾ? ಮೊಖ ಇಂಗಾಗೈತೆ."

"ಮರ್ಯಾದೆ ಕಣಪ್ಪ."

"ಅದು ಸೀಟ್ ಕೆಳ್ಗೆ ಸಿಗಾಕಿಲ್ಲ ಬುಡಿ," ಎಂದು ಮುಂದೆ ಹೋದ.

ಪಾವಗಡದಲ್ಲಿ ಇಳಿದವನೇ ನಾಲ್ಕೂ ಊರಿನ ವಾಟ್ಸಾಪ್ ಗುಂಪುಗಳಿಗೆ ತಿದ್ದುಪಡಿ ಕಳಿಸಿ, ಯಾರು ಯಾರು ನೋಡಿದರೆಂದು ಪರೀಕ್ಷಿಸುತ್ತಾ ನಿಲ್ದಾಣದಲ್ಲಿ ಶತಪಥ ಹಾಕಿದೆ. ಒಬ್ಬ, "ಇವಾಗ್ ಹೇಳ್ತಿದೀರಾ ಸಾ" ಎಂದು ಬರೆದ. ಒಬ್ಬಳನ್ನು ಬಿಟ್ಟು ಎಲ್ಲರೂ ನೋಡಿದರು.

ಅವಳು ಕೊಳಾಲದ ಕಡೆಯ ಕುರಿಗಾರರ ಮಗಳು. ಶಿರಾದ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ. ಕೆಮಿಸ್ಟ್ರಿ ಒಂದು ಪಾಸಾದರೆ ನರ್ಸಿಂಗ್ ಓದಬಹುದು. ಎರಡು ಸಲ ಹೋಗಿತ್ತು, ಇದು ಮೂರನೆಯದು. ಪರೀಕ್ಷೆಗೆಂದು ರಜೆ ಹಾಕಿ, ಮದಲೂರು ಕೆರೆಯ ಬಳಿ ಮಂದೆ ಹಾಕಿದ್ದ ತಂದೆತಾಯಿಯ ಜೊತೆಗಿದ್ದಳು. ಗೊಬ್ಬರಕ್ಕಾಗಿ ಯಾರದೋ ಹೊಲದಲ್ಲಿ ಕುರಿ ತಂಗಿಸುವವರಿಗೆ ಫೋನ್ ಚಾರ್ಜ್ ಮಾಡಲು ಕರೆಂಟೆಲ್ಲಿ? ನಾಲ್ಕು ಸಲ ಕರೆ ಮಾಡಿದೆ. ಸ್ವಿಚ್ ಆಫ್. ಪಾಠ ರದ್ದು ಮಾಡಿ ಶಿರಾ ಬಸ್ ಹತ್ತಿದೆ. ಸೀಟಿದ್ದರೂ ನಿಂತೇ ಹೋದೆ.

ಮಧ್ಯಾಹ್ನ ಅವಳು ಹೊಂಗೆ ಮರದಡಿ ನೋಟ್ಸ್ ಹರಡಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಅವಳ ತಾಯಿ ಎದ್ದು ನಿಂತರು.

"ಮೇಷ್ಟ್ರು ಇಲ್ಲಿಗಂಟ ಬಂದವ್ರಲ್ಲಮ್ಮಿ, ಏನ್ ಮಾಡ್ಬುಟ್ಟೆ ನೀನು?"

"ಅವಳಲ್ಲಮ್ಮ, ನಾನು ಮಾಡಿದ್ದು," ಎಂದೆ.

ಆದರೂ ಗುರುಪೀಠದಿಂದ ಒಮ್ಮೆಲೇ ಇಳಿಯಲು ಮನಸ್ಸು ಬಾರದೆ, ಅದೇ ಲೆಕ್ಕವನ್ನು ಅವಳಿಗೆ ಕೊಟ್ಟೆ. ಮೂರು ನಿಮಿಷದಲ್ಲಿ ೨.೩ ಬರೆದು ಕೆಳಗೆ ಎರಡು ಗೆರೆ ಎಳೆದಳು.

"ಒಂದು ಮೋಲ್ ಇದ್ದ ಕಡೆ ಎರಡು ಚಿಲ್ಲರೆ ಹೆಂಗಮ್ಮ ಖರ್ಚಾಗುತ್ತೆ?"

"ಆಗಾಕಿಲ್ಲ ಅಂತ ಗೊತ್ತಾಯ್ತು ಸಾ. ನೀವೇಳಿದ್ರಲ್ಲ, ಅದಕ್ಕೆ ಬರ್ದೆ."

ನಾನು ೨.೩ರ ಕೆಳಗಿನ ಆ ಎರಡು ಗೆರೆಗಳನ್ನು ಇನ್ನೊಮ್ಮೆ ನೋಡಿದೆ.

"ಓದ್ ಸಲ ಪೇಪರ್‌ನಾಗೂ ಇಂಥದೇ ಬಂದಿತ್ತು," ಎಂದಳು ಅವಳು. "ಆವಾಗ್ಲೂ ಪ್ಲಸ್ಸೇ ಹಿಡಿದಿದ್ದೆ."

ಆ ಸಲ ಅವಳು ಎರಡೇ ಅಂಕ ಕಮ್ಮಿಯಾಗಿ ಫೇಲಾಗಿದ್ದಳು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಸುದ್ದಿ ಎತ್ತಲಿಲ್ಲ.

"ನಾನು ಹೇಳಿಕೊಟ್ಟದ್ದು ತಪ್ಪು," ಎಂದೆ. ಇಷ್ಟು ವರ್ಷಗಳ ಬೋಧನೆಯಲ್ಲಿ ಈ ವಾಕ್ಯವನ್ನು ಒಮ್ಮೆಯೂ ಬಳಸಿರದ ಕಾರಣ ಅದು ಸ್ವಲ್ಪ ತೊದಲಿಕೊಂಡೇ ಹೊರಬಂತು. "ಎರಡೂ ಉತ್ತರ ಕಂಡುಹಿಡಿ. ಸೊನ್ನೆಗಿಂತ ಕೆಳಗಿನದು, ಹಾಕಿದ್ದಕ್ಕಿಂತ ಜಾಸ್ತಿ ಖರ್ಚಾದದ್ದು, ಇವನ್ನು ಬಿಡು. ಉಳಿದದ್ದು ಉತ್ತರ."

ಬರೆದುಕೊಂಡಳು. ಕೆಲಸ ಮುಗಿಯಿತೆಂದು ನಾನು ಮೇಲೇಳುವಾಗ ನೋಟ್ಸಿನ ಮೊದಲ ಪುಟಕ್ಕೆ ತಿರುಗಿಸಿದಳು.

"ಅಂಗಾದ್ರೆ ಮಿಕ್ಕಿದ್ದೆಲ್ಲ ಸರಿಗೈತಾ ಸಾ?"

ಐತೆ ಎನ್ನಲು ಬಾಯಿ ತೆರೆದವನ ಕಣ್ಣು ಪುಟದ ಮೇಲೆ ಬಿತ್ತು. ಮೋಲಾರ್ ದ್ರಾವಣಕ್ಕೆ 'ಒಂದು ಲೀಟರ್ ನೀರು ಹಾಕಿ' ಎಂದು ಬರೆಸಿದ್ದೆ. 'ಒಟ್ಟು ದ್ರಾವಣ ಒಂದು ಲೀಟರ್ ಆಗುವಷ್ಟು' ಎನ್ನಬೇಕಿತ್ತು. ಕ್ರಿಯಾದರದ ಪುಟದಲ್ಲಿ ಅರ್ಧಾಯುವಿಗೆ ಒಂದೇ ಸೂತ್ರ ಸಾಕೆಂದಿತ್ತು. ಅದು ಮೊದಲ ದರ್ಜೆಯ ಕ್ರಿಯೆಗೆ ಮಾತ್ರ. ಎಲ್ಲವೂ ಸಮಯ ಉಳಿಸಲೆಂದು ನಾನೇ ಕತ್ತರಿಸಿದ್ದು.

ಮತ್ತೆ ಕೂತೆ. ಅವಳ ಪೆನ್ನು ಇಸಿದುಕೊಂಡು ಮೊದಲ ಸಾಲಿನಿಂದ ಓದತೊಡಗಿದೆ. ದೂರದಲ್ಲಿ ನನ್ನ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. "ಓಗ್ಲಿ ಬುಡಿ ಸಾ," ಎಂದಳು. "ಮೂರನೇ ಲೆಕ್ಕದಾಗೂ ಏನೋ ಒಂತರಾ ಐತೆ, ನೋಡಿ."