ಅತ್ತೆ ಕಾವಲು ಕಾಯ್ದ ಭರಣಿ

ನಿನ್ನೆಯಿಂದ ನಮ್ಮ ಅಡುಗೆಮನೆಯಲ್ಲಿ ಹುಳಿ ವಾಸನೆ. ಇಂಥ ವಾಸನೆ ಬಂದಾಗ ತನಿಖೆ ಮಾಡುವುದು ಮನೆಯ ಯಜಮಾನನ ಧರ್ಮವೆಂದು ತಿಳಿದು, ಕಟ್ಟೆಯ ಮೇಲಿದ್ದ ಗಾಜಿನ ಭರಣಿಯ ಮುಚ್ಚಳಕ್ಕೆ ಕೈಹಾಕಿದೆ. "ಅಪ್ಪಾ, ಕೈ ತಗೀರಿ," ಎಂದಳು ಮಗಳು. ಕೊಪ್ಪಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಮನೆಗೆ ಬಂದರೂ ಕಲಿಸುವುದನ್ನು ಬಿಡುವುದಿಲ್ಲ.

ಉಪ್ಪುನೀರಿನಲ್ಲಿ ಹಸಿಮೆಣಸಿನಕಾಯಿ ಹಾಕಿದ್ದಳಂತೆ. ಅದನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಡವಂತೆ. ಆಮ್ಲಜನಕ ಒಳನುಗ್ಗಿತೋ, ಅವು ಕೆಲವು ಜೀನುಗಳನ್ನು ಮಲಗಿಸಿ, ಬೇರೆ ಕೆಲವನ್ನು ಎಬ್ಬಿಸಿ, ತಮ್ಮ ಜೀವ ಉಳಿಸಿಕೊಳ್ಳುವ ಗಡಿಬಿಡಿಗೆ ಬೀಳುತ್ತವೆ. ಹುಳಿಯ ಕೆಲಸ ಹದಗೆಡುತ್ತದೆ. ಗಾಳಿಯನ್ನೇ ಕಾಯುತ್ತಿದ್ದ ಬೂಷ್ಟು ಬಂದು ಮೇಲೆ ಹಾಸಿಗೆ ಹಾಸುತ್ತದೆ. ಸಿರ್ಕಾ, ಅಂದರೆ ವಿನೆಗರ್, ಮಾಡುವ ಬ್ಯಾಕ್ಟೀರಿಯಾಗಳದ್ದು ತಿರುವುಮುರುವು: ಗಾಳಿ ಇಲ್ಲದಿದ್ದರೆ ಅವುಗಳ ಕೆಲಸವೇ ಸಾಗದು. ಕಣ್ಣಿಗೆ ಕಾಣದವುಗಳ ಬಗ್ಗೆ ಯಾರು ಏನು ಹೇಳಿದರೂ ನಾನು ಸುಲಭಕ್ಕೆ ನಂಬುವವನಲ್ಲ. ಆದರೆ ಇದನ್ನು ಕೇಳುತ್ತಲೇ ಗಂಗಾವತಿಯ ಶಂಕ್ರವ್ವ ಅತ್ತೆ ನೆನಪಾಗಿ, ಅಲ್ಲಿಯೇ ಕುಳಿತುಬಿಟ್ಟೆ.

ಆಕೆ ನನ್ನ ತಂದೆಯ ಅಕ್ಕ. ನೌಕರಿಯ ಹೊಸದರಲ್ಲಿ ನಾನು ಆಕೆಯ ಮನೆಯಲ್ಲಿದ್ದೆ. ಸಂಶಯವೆಂಬುದು ನಮ್ಮ ಮನೆತನದ ಆಸ್ತಿ. ಹೊಲ ಪಾಲಾದಾಗ ಜಗಳವಿಲ್ಲದೆ ಹಂಚಿಕೆಯಾದದ್ದು ಅದೊಂದೇ. ಅದರಲ್ಲೂ ಅತ್ತೆಗೆ ತುಸು ಹೆಚ್ಚೇ ಹೋಗಿತ್ತು. ಹಾಲಿನವನ ಹಾಲಿನಲ್ಲಿ ನೀರಿದೆಯೆಂದು ಸಂಶಯ; ನೀರಿಲ್ಲದ ದಿನ, ಇವತ್ತೇಕೆ ಬೆರೆಸಿಲ್ಲ ಎಂಬ ಸಂಶಯ.

ಆ ವರ್ಷ ಅತ್ತೆ ಹಾಕಿದ ಉಪ್ಪುನೀರಿನ ಮೆಣಸಿನಕಾಯಿ ಮೇಲಿಂದ ಮೇಲೆ ಬೂಷ್ಟು ಹಿಡಿಯತೊಡಗಿತು. ತಾವರಗೇರಾದ ಗೌರವ್ವ ಅತ್ತೆಯ ಮಗನ ಕೈಹಿಡಿದು ಸೊಸೆಯಾಗಿ ಬಂದ ವರ್ಷವೂ ಅದೇ. ಅತ್ತೆಯ ಗಣಿತದಲ್ಲಿ ಇವೆರಡನ್ನು ಕೂಡಿಸುವುದು ತಡವಾಗಲಿಲ್ಲ. ಸೊಸೆ ಹಸಿ ಕೈ ಹಾಕಿದ್ದಾಳೆ. ಇಲ್ಲವೇ ಮುಟ್ಟಬಾರದ ದಿನ ಮುಟ್ಟಿದ್ದಾಳೆ. ಉಗ್ರಾಣಕ್ಕೆ ಬೀಗ ಬಿತ್ತು, ಕೀಲಿ ಅತ್ತೆಯ ಸೊಂಟಕ್ಕೇರಿತು. ಸೊಸೆ ಬಂದಾಗಿನಿಂದ ದಿನಕ್ಕೊಮ್ಮೆ ಭರಣಿ ತೆರೆದು ನೋಡುತ್ತಿದ್ದ ಆಕೆ ಅಂದಿನಿಂದ ಮುಂಜಾನೆ, ಮಧ್ಯಾಹ್ನ, ಸಂಜೆ ಒಳಹೋಗಿ, ಹೊಸದಾಗಿ ಹಾಕಿದ ಭರಣಿಯ ಬಾಯಿಗೆ ಕಟ್ಟಿದ ಅರಿವೆ ಬಿಚ್ಚಿ, ಮುಚ್ಚಳ ತೆಗೆದು, ಯಾರಾದರೂ ಕೈಹಾಕಿದರೇ ಎಂದು ಪರೀಕ್ಷಿಸಿ, ಮತ್ತೆ ಕಟ್ಟಿ ಬರುವಳು. ಕಾವಲು ಬಿಗಿಯಾದಷ್ಟೂ ಬೂಷ್ಟು ದಪ್ಪವಾಯಿತು. ಬೀಗ ಹಾಕಿದರೂ ಕೆಡುತ್ತದೆಂದರೆ ಸೊಸೆಗೆ ಬೇರೇನೋ ವಿದ್ಯೆ ಬರುತ್ತದೆಂದು ತೀರ್ಮಾನವಾಯಿತು.

ಪಕ್ಕದ ಮನೆಯ ಖತೀಜಾಬಿ ತನಗೆ ತಿಳಿಯದೆಯೇ ಈ ಬೆಂಕಿಗೆ ತುಪ್ಪ ಸುರಿದಳು. ಆನೆಗೊಂದಿ ಕಡೆಯ ಮೆತ್ತಗಾದ ಬಾಳೆಹಣ್ಣಿನಿಂದ ಆಕೆ ಸಿರ್ಕಾ ಮಾಡುತ್ತಿದ್ದಳು. ಅಗಲ ಬಾಯಿಯ ಗಡಿಗೆ, ಮೇಲೊಂದು ತೆಳ್ಳನೆಯ ಅರಿವೆ, ಅಷ್ಟೆ.

"ಅಕಿ ಗಡಿಗಿ ಬಾಯಿ ತಕ್ಕೊಂಡು ಕುಂತೈತಿ, ಏನೂ ಆಗಿಲ್ಲ. ನಂದು ಬೀಗದಾಗ ಇದ್ದೂ ಬೂರಸು ಹಿಡಿತೈತಿ. ಇದು ಮನಿಯೊಳಗಿನವರ ಕೆಲಸ," ಎಂದಳು ಅತ್ತೆ, ಗೌರವ್ವನಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ.

ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಅತ್ತೆ ಬೆನ್ನ ಹಿಂದೆ ಬಂದು ನಿಂತರೆ ಗೌರವ್ವ ಬಡಿಯುವ ರೊಟ್ಟಿ ಹರಿಯುತ್ತಿತ್ತು. ಅತ್ತೆ ಮನೆಯಲ್ಲಿಲ್ಲದ ದಿನ ಅದೇ ಕೈಯಿಂದ ಹಾಳೆಯಂಥ ರೊಟ್ಟಿ ಬರುತ್ತಿದ್ದವು. ಇದನ್ನು ನಾನು ಚೆನ್ನಾಗಿ ಗಮನಿಸಿದ್ದೆ. ಇದರಲ್ಲೂ ಏನೋ ಸಂಚಿದೆಯೆಂದು ತಿಳಿದಿದ್ದೆ. ಮನೆತನವೇ ಹಾಗೆ, ಏನು ಮಾಡುತ್ತೀರಿ?

ಕೊನೆಗೆ ತಾವರಗೇರಾದಿಂದ ಬೀಗರನ್ನು ಕರೆಸಿ, ಹಿರಿಯರ ಎದುರು ಅವರ ಮಗಳ ಕೈಗುಣದ ವಿಚಾರಣೆ ಮಾಡುವುದೆಂದು ಅತ್ತೆ ಸಾರಿದಳು. ಅಂಥ ಮಾತು ಒಮ್ಮೆ ಊರಿಗೆ ಬಿದ್ದರೆ ಗೌರವ್ವ ಕೊಟ್ಟ ನೀರನ್ನೂ ಜನ ಯೋಚಿಸಿ ಕುಡಿಯುತ್ತಾರೆ. ಸಾಲದ್ದಕ್ಕೆ ಆಕೆಗೆ ತವರಿನಲ್ಲಿ ಮದುವೆಯಾಗದ ತಂಗಿಯೊಬ್ಬಳಿದ್ದಳು. ಅಲ್ಲಿಯವರೆಗೆ ತಲೆ ಎತ್ತದ ಗೌರವ್ವ ಅಂದು ಎತ್ತಿದಳು.

"ಕರಸ್ರಿ ಅತ್ತಿ. ಅದಕ್ಕೂ ಮದ್ಲ ಇನ್ನೊಂದ್ ಭರಣಿ ನೀವ ಹಾಕ್ರಿ. ಕೀಲಿ ಖತೀಜಾಬಿ ಅಕ್ಕಾರ ಕಡೆ ಇರ್ಲಿ. ನಾನೂ ಒಳಗ ಹೋಗೂದಿಲ್ಲ, ನೀವೂ ಹೋಗಬ್ಯಾಡ್ರಿ. ಕೆಟ್ರ ನಾನ ಅಪ್ಪನ್ನ ಕರಕೊಂಡು ಬರ್ತೀನಿ."

"ನಾ ಯಾಕ ಹೋಗಬಾರ್ದು?"

"ನಾಳಿ ನಿಮ್ಮ ಮ್ಯಾಲೂ ಯಾರರ ಸಂಶೇ ಪಡಬಾರ್ದಲ್ರಿ."

ಅತ್ತೆಗೆ ಒಪ್ಪದೆ ಗತಿಯಿರಲಿಲ್ಲ. ಮುಂದಿನ ದಿನಗಳು ಆಕೆಗೆ ಉಪವಾಸಕ್ಕಿಂತ ಕಠಿಣವಾದವು. ಉಗ್ರಾಣದ ಬಾಗಿಲ ಸಂದಿಗೆ ಮೂಗು ಹಚ್ಚಿ ನಿಲ್ಲುವಳು. ಯಾರಾದರೂ ಬಂದರೆ ಜೇಡರ ಬಲೆ ನೋಡುತ್ತಿದ್ದೇನೆ ಎನ್ನುವಳು. ಗೌರವ್ವನ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿಯುತ್ತಿತ್ತು. ಒಳಗೆ ಏನಾಗುತ್ತಿದೆಯೋ ಆಕೆಗೂ ತಿಳಿಯದು. ಮಾತು ಮಾತ್ರ ಕೊಟ್ಟಾಗಿತ್ತು.

ಬಾಗಿಲು ತೆರೆದ ದಿನ ಎಲ್ಲರೂ ಭರಣಿಯ ಸುತ್ತ ನಿಂತೆವು. ಖತೀಜಾಬಿ ಮುಚ್ಚಳ ತೆಗೆದಳು. ಬೂಷ್ಟಿನ ಸುಳಿವಿಲ್ಲ. ಅತ್ತೆ ಒಂದು ಮೆಣಸಿನಕಾಯಿ ಎತ್ತಿ ಕಚ್ಚಿದಳು. ಕರುಂ ಎಂದ ಸದ್ದು ಎಲ್ಲರಿಗೂ ಕೇಳಿಸಿತು. ಬಹಳ ಹೊತ್ತು ಅಗಿದಳು. ತಪ್ಪಾಯಿತು ಎಂಬ ಮಾತು ನಮ್ಮ ಮನೆತನದಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಖತೀಜಾಬಿ ಕೀಲಿ ಚಾಚಿದಾಗ ಅತ್ತೆ ಕೈ ಒಡ್ಡಲಿಲ್ಲ.

"ನನ್ನ ಸೊಂಟಕ್ಕ ಒತ್ತತೈತಿ," ಎಂದಳು. "ಅಕಿಗಿ ಕೊಡು."

ಗೌರವ್ವ ತೆಗೆದುಕೊಂಡಳು. ಬಾಗಿಲಿಗೆ ಮಾತ್ರ ಮತ್ತೆ ಬೀಗ ಹಾಕಲಿಲ್ಲ.

ಹಾಗಾದರೆ ಅಷ್ಟು ದಿನ ಕೆಡಿಸಿದವರು ಯಾರು ಎಂದು ಆ ಮನೆಯಲ್ಲಿ ಮುಂದೆ ಯಾರೂ ಕೇಳಲಿಲ್ಲ. ನಾನು ಮಾತ್ರ ಇಷ್ಟು ವರ್ಷ ಅತ್ತೆಯ ಮಗನ ಮೇಲೆ ಚೂರು ಸಂಶಯ ಇಟ್ಟುಕೊಂಡಿದ್ದೆ. ಇವತ್ತು ಅದನ್ನೂ ಬಿಟ್ಟುಕೊಡಬೇಕಾಯಿತು.

ಇದನ್ನು ಬರೆಯುತ್ತಿರುವಾಗ ಮಗಳು ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಬಹಳ ಹೊತ್ತಾಯಿತು, ನಡುನಡುವೆ ನಗುತ್ತಾಳೆ. ಇಂಥ ಹೊತ್ತಿನಲ್ಲಿ ಆ ಕೋಣೆಯ ಕಪಾಟಿನಲ್ಲಿ ಏನನ್ನಾದರೂ ಹುಡುಕುವ ತುರ್ತು ನನಗೆ ಬರುವುದುಂಟು. ಈಗಲೂ ಬಂತು. ಎದ್ದೆ. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಹೋಗಿ ಮಲ್ಲಿಗೆ ಬಳ್ಳಿಗೆ ನೀರು ಹಾಕಿದೆ. ಬಳ್ಳಿಯ ಬುಡ ಆಗಲೇ ತೊಯ್ದಿತ್ತು. ಒಳಗಿನ ನಗು ಇನ್ನೂ ನಿಂತಿರಲಿಲ್ಲ. ಇನ್ನೊಂದು ಕೊಡ ಹಾಕಿದೆ.