ಮೆರಿಡಾಕ್ಕೆ ಮೊದಲು ಅಬುಧಾಬಿ

ಜನವರಿಯ ಒಂದು ಬೆಳಿಗ್ಗೆ ಆರು ಗಂಟೆಗೆ ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲ್ಯಾಟಿನಿಂದ ಹೊರಟೆವು. ತಲುಪಬೇಕಾದ ಊರು ಮೆಕ್ಸಿಕೋದ ಮೆರಿಡಾ. ಅಂದು ಹೊರಟದ್ದು ಮಾತ್ರ ನೂರೈವತ್ತು ಕಿಲೋಮೀಟರ್ ದೂರದ ಅಬುಧಾಬಿಗೆ, ವೀಸಾ ಕೇಳಲು. ಅಷ್ಟಕ್ಕೇ ನಾನು ಫೈಲಿನ ಕಾಗದಗಳನ್ನು ಮೂರು ಸಲ ಎಣಿಸಿದ್ದೆ. ನಾನು ಹುಟ್ಟು ಪುಕ್ಕಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಾರಿನಲ್ಲಿ ನನ್ನ ಜೊತೆ ಹೆಂಡತಿ ಲವೀನಾ, ಹನ್ನೆರಡು ವರ್ಷದ ಮಗಳು ರಿಯಾ ಮತ್ತು ನನ್ನ ತಾಯಿ ಇದ್ದರು. ಕೊಂಕಣಿ ಮನೆಮಾತಿನ ನಾವು ತಾಯಿಯನ್ನು ಮಾಯ್ ಎನ್ನುತ್ತೇವೆ. ಮಾಯ್‌ಗೆ ಎಪ್ಪತ್ತೆಂಟು, ಎದೆಯಲ್ಲಿ ಎರಡು ಸ್ಟೆಂಟ್. ನನ್ನ ಅಕ್ಕ ಮೆರಿಡಾದ ಕಾನ್ವೆಂಟಿನಲ್ಲಿ ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ. ಅವಳು ಕಡೆಯ ಸಲ ನಮ್ಮೂರಿಗೆ ಬಂದು ಏಳು ವರ್ಷವಾಗಿತ್ತು. ಒಮ್ಮೆ ಅವಳ ಮುಖ ನೋಡಬೇಕೆಂದು ಮಾಯ್ ಹಟ ಹಿಡಿದಿದ್ದರು. ಹೋಗುವುದಾದರೆ ಈಸ್ಟರ್ ಒಳಗೆ ಹೋಗಿ, ಆಮೇಲೆ ಅಷ್ಟು ದೂರದ ವಿಮಾನ ಬೇಡ ಎಂದು ಡಾಕ್ಟರು ಹೇಳಿದ್ದರು.

ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡ ಸುದ್ದಿಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದವನು ನಾನೇ. ಅವಳಿಗೆ ಬರಲಾಗಲಿಲ್ಲ. ಅಲ್ಲಿಂದೀಚೆಗೆ ನಾನು ಅವಳಿಗೆ ಕರೆ ಮಾಡಿದ್ದಿಲ್ಲ. ಭಾನುವಾರಗಳಲ್ಲಿ ಅವಳೇ ಮಾಡುತ್ತಿದ್ದಳು.

ಪ್ರವಾಸದ ಯೋಜನೆಯೆಲ್ಲ ರಿಯಾಳದು. ಮೆರಿಡಾದಲ್ಲಿ ನಾಲ್ಕು ದಿನ, ಅಲ್ಲಿಂದ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಹೋದರೆ ಸಿಗುವ ಪ್ರೊಗ್ರೆಸೊ ಕಡಲತೀರದಲ್ಲಿ ಮೂರು ದಿನ ಎಂದು ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ನಾನು ಆ ಚಾರ್ಟಿನ ಕೆಳಗೆ ನಿಂತು ಟಿವಿಯಲ್ಲಿ ಕಂಡ ಮೆಕ್ಸಿಕೋದ ಬಂದೂಕುಗಳನ್ನು, ಮಾಯ್ ಎದೆಯೊಳಗಿನ ಸ್ಟೆಂಟ್‌ಗಳನ್ನು, ವಿಮಾನದ ಇಪ್ಪತ್ತಕ್ಕೂ ಹೆಚ್ಚು ಗಂಟೆಗಳನ್ನು ನೆನೆದು ಹೆದರುತ್ತಿದ್ದೆ. ಅತಿಥಿಗಳು ಬಂದರೆ ಲವೀನಾ ಚಾರ್ಟ್ ತೆಗೆದು ಬೀರುವಿನಲ್ಲಿಡುತ್ತಿದ್ದಳು. ವೀಸಾ ಪಾಸ್‌ಪೋರ್ಟಿಗೆ ಅಂಟುವ ತನಕ ಬಾಯಿ ಬಿಡಬಾರದು ಎಂಬುದು ಗಲ್ಫಿನ ನಮ್ಮವರ ನಿಯಮ. ಬಾಯಿ ಬಿಟ್ಟರೆ ದೃಷ್ಟಿ ತಾಗಿ ಕೆಲಸ ಕೆಡುತ್ತದೆ. ಅದನ್ನು ನಾವು ಎಷ್ಟು ಪಾಲಿಸಿದೆವೆಂದರೆ ಅಕ್ಕನಿಗೂ ಹೇಳಿರಲಿಲ್ಲ.

ಜೆಬೆಲ್ ಅಲಿ ದಾಟುವಾಗ ಮಂಜು ಕವಿಯಿತು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣಲಿಲ್ಲ. ಅರವತ್ತರ ಮೇಲೆ ನಾನು ಓಡಿಸಲಿಲ್ಲ. ಹಿಂದೆ ಮಾಯ್ ಜಪಮಾಲೆ ಶುರು ಮಾಡಿದರು, ನಾವೂ ದನಿಗೂಡಿಸಿದೆವು. ಮಂಜು ಹರಿದ ಮೇಲೆ ಪೆಟ್ರೋಲ್ ಪಂಪಿನಲ್ಲಿ ಗಟ್ಟಿ ಹಾಲಿನ ಕರಕ್ ಚಹಾ ಕುಡಿದೆವು, ಕಪ್ಪಿಗೆ ಒಂದು ದಿರಮ್.

ಮೆಕ್ಸಿಕೋ ದೂತಾವಾಸದ ಕೌಂಟರಿನಲ್ಲಿದ್ದ ಮಹಿಳೆ ಮೃದುವಾಗಿಯೇ ಮಾತಾಡಿದರು. ಉಳಿಯುವ ವಿಳಾಸ ಕಾನ್ವೆಂಟಿನದು ಎಂದು ಬರೆದಿದ್ದೀರಿ, ಅವರ ಪತ್ರ ಎಲ್ಲಿ ಎಂದು ಕೇಳಿದರು. ಅಕ್ಕನಿಗೆ ನಾವು ಬರುವುದು ಗೊತ್ತಿಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಹನ್ನೆರಡೂವರೆಯೊಳಗೆ ಪತ್ರ ತಂದರೆ ಇಂದೇ ತೆಗೆದುಕೊಳ್ಳುತ್ತೇನೆ, ಇಲ್ಲವಾದರೆ ಮುಂದಿನ ಅಪಾಯಿಂಟ್‌ಮೆಂಟ್ ಸಿಗುವುದು ಈಸ್ಟರ್ ಕಳೆದ ಮೇಲೆ ಎಂದರು.

ಆಗ ಹತ್ತು ಗಂಟೆ. ಕಾರಿಗೆ ಓಡಿ ಬಂದೆ. ಮೆರಿಡಾದಲ್ಲಿ ಈಗ ನಡುರಾತ್ರಿ ಎಂದು ರಿಯಾ ಎಣಿಸಿ ಹೇಳಿದಳು. ಬೇರೆ ದಾರಿ ಇರಲಿಲ್ಲ, ಕಾನ್ವೆಂಟಿಗೆ ಕರೆ ಮಾಡಿದೆ. ಎಷ್ಟೋ ಹೊತ್ತು ರಿಂಗಾದ ಮೇಲೆ ಯಾರೋ ಎತ್ತಿದರು. ಅಕ್ಕನ ಹೆಸರು ಹೇಳಿದೆ. ಓಡಿ ಬರುವ ಹೆಜ್ಜೆಯ ಸದ್ದು ಕೇಳಿತು.

"ಅಕ್ಕಾ, ನಾನು ಐವನ್."

ಓಡಿ ಬಂದ ಅವಳ ಏದುಸಿರು ಕೇಳಿತು.

"ಯಾವಾಗ ಹೋದದ್ದು?" ಎಂದಳು. "ಮಾಯ್ ಕಷ್ಟಪಟ್ಟರಾ ಐವನ್?"

ಅಪ್ಪ ಹೋದ ಸುದ್ದಿ ಹೇಳಿದಾಗಲೂ ಅವಳಿಗೆ ನಡುರಾತ್ರಿ, ಅದೇ ಹೊತ್ತು, ಅದೇ ದನಿ. ಪತ್ರದ ಗಡಿಬಿಡಿಯಲ್ಲಿ ಇದು ನನಗೆ ಹೊಳೆಯಲೇ ಇಲ್ಲ. ಫೋನನ್ನು ಹಿಂದಿನ ಸೀಟಿಗೆ ಚಾಚಿದೆ.

"ಮಗಳೇ, ನಾನೇ ಮಾತಾಡುವುದು," ಎಂದರು ಮಾಯ್. "ನಾನು ಉಂಟು. ನಿನ್ನನ್ನು ನೋಡ್ಲಿಕ್ಕೆ ಬರ್ತಾ ಇದ್ದೇನೆ. ಇವನಿಗೆ ಒಂದು ಕಾಗದ ಬೇಕಂತೆ."

ಆ ಕಡೆ ಅಕ್ಕ ಅಳುವುದು ಮುಂದಿನ ಸೀಟಿಗೂ ಕೇಳಿತು. ಮಾಯ್ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತರು.

ಹನ್ನೊಂದೂವರೆಗೆ ಅವಳ ಕೈಬರಹದ ಪತ್ರ, ಕಾನ್ವೆಂಟಿನ ಮೊಹರಿನೊಂದಿಗೆ, ವಾಟ್ಸ್‌ಆ್ಯಪ್‌ನಲ್ಲಿ ಬಂತು. ಹತ್ತಿರದ ಟೈಪಿಂಗ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ ಓಡಿದೆ. ಕೌಂಟರಿನ ಮಹಿಳೆ ಅದನ್ನು ಎರಡು ಸಲ ಓದಿ, ಬುಧವಾರ ಬಂದು ನಾಲ್ಕೂ ಪಾಸ್‌ಪೋರ್ಟ್ ಒಯ್ಯಿರಿ, ವೀಸಾ ಹಾಕಿರುತ್ತೇವೆ ಎಂದರು.

ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ ಒಂದು ಅಂಜಲ್ ಕೊಂಡು ದುಬೈ ದಾರಿ ಹಿಡಿದೆವು. ಮಾಯ್ ನಿದ್ದೆ ಹೋದರು. ಅವರ ಎದೆ ಏರಿ ಇಳಿಯುತ್ತದೆಯೇ ಎಂದು ಕನ್ನಡಿಯಲ್ಲಿ ನೋಡುತ್ತಲೇ ಓಡಿಸಿದೆ. ದಾರಿಯಲ್ಲಿ ಘಂತೂತ್ ಎಂಬಲ್ಲಿಗೆ ಬಂದಾಗ ಅಕ್ಕನ ಮೆಸೇಜ್ ಬಂತು. ಲವೀನಾ ಗಟ್ಟಿಯಾಗಿ ಓದಿದಳು:

"ನಾಳೆಯೂ ಅದೇ ಹೊತ್ತಿಗೆ ಫೋನ್ ಮಾಡು. ನಾಡಿದ್ದೂ ಮಾಡು. ಏನೂ ಆಗದಿದ್ದರೂ ಆ ಹೊತ್ತಿಗೆ ಫೋನ್ ಬರ್ತದೆ ಅಂತ ನನಗೆ ಅಭ್ಯಾಸ ಆಗ್ಲಿ."