ಹೊಸ್ತಿಲ ಮೇಲಿನ ಅಕ್ಷತೆ

ನನ್ನ ಮದುವೆಗೆ ನೆಂಟರನ್ನು ಕರೆಯುತ್ತಿದ್ದ ವಾರ ನಾನು ಕಡೂರಿನ ಮನೆಯಲ್ಲಿ ಕೂತು ಒಂದು ಸಾಫ್ಟ್‌ವೇರ್ ಲೈಬ್ರರಿಯನ್ನು ಪ್ಯಾಕೇಜ್ ಮಾಡುತ್ತಿದ್ದೆ. ಅಂದರೆ, ಯಾರೋ ಬರೆದ ಕೋಡನ್ನು ಬೇರೆಯವರು ತಲೆಕೆಡಿಸಿಕೊಳ್ಳದೆ ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳುವಂತೆ ಕಟ್ಟಿಕೊಡುವುದು. ಒಂದು ಹೆಸರು ಮೊದಲೇ ಪಟ್ಟಿಗೆ ಬಂದಿದೆಯೇ ಎಂದು ಕೇಳಿದರೆ ಉತ್ತರಿಸುವುದಷ್ಟೇ ಆ ಲೈಬ್ರರಿಯ ಕೆಲಸ. ಅದು ಹೆಸರನ್ನು ಇಟ್ಟುಕೊಳ್ಳುವುದಿಲ್ಲ, ಬರೀ ಗುರುತು ಇಟ್ಟುಕೊಳ್ಳುತ್ತದೆ. ಹಾಗಾಗಿ ಅದು 'ಇಲ್ಲ' ಎಂದರೆ ಇಲ್ಲವೇ ಇಲ್ಲ. 'ಇದೆ' ಎಂದರೆ ಮಾತ್ರ ಪೂರ್ತಿ ನಂಬುವಂತಿಲ್ಲ. ಆ ಗುರುತು ಬೇರೆ ಹೆಸರುಗಳು ಬಿಟ್ಟದ್ದೂ ಆಗಿರಬಹುದು. ಲೈಬ್ರರಿ ಸರಿಯಿದೆಯೇ ಎಂದು ನೋಡಲು ಯಾವನೋ ಇದನ್ನು ಮರೆತು ಬರೆದಿದ್ದ ಟೆಸ್ಟ್ ಕೋಡೊಂದು ಪದೇಪದೇ ಕೈಕೊಡುತ್ತಿತ್ತು. ಅವನನ್ನು ಬೈದುಕೊಂಡೇ ತಿದ್ದುತ್ತಿದ್ದೆ.

ಅಷ್ಟರಲ್ಲಿ ದೇವನೂರಿಗೆ ಕರೆಯಲು ಹೋಗಿದ್ದ ಅಪ್ಪ ಬಂದರು. ಅಲ್ಲಿ ನನ್ನ ಸೋದರತ್ತೆಯ ಮನೆ. ತೆಂಗಿನ ತೋಟದ ಪಾಲಿನ ವಿಷಯಕ್ಕೆ ಜಗಳವಾಗಿ ಅಣ್ಣ ತಂಗಿ ಮಾತು ಬಿಟ್ಟಿದ್ದರು. ನನಗೋ, ಚಿಕ್ಕಂದಿನಲ್ಲಿ ಜಡೆ ಹಾಕಿದ ಅತ್ತೆ ಬಾರದ ಮದುವೆ ಮದುವೆಯೇ ಅಲ್ಲ.

"ಬಾಗ್ಲು ಹಾಕಿತ್ತು ಕಣೇ. ಹೊಸ್ತಿಲ ಮೇಲೆ ಅಕ್ಷತೆ ಇತ್ತು. ನಿಮ್ಮ ಚಿಕ್ಕಪ್ಪ ಆಗ್ಲೇ ಕರ್ದು ಹೋಗಿದಾನೆ, ಬಂದ್ಬಿಟ್ಟೆ," ಎಂದರು. ದನಿಯಲ್ಲಿ ಎಂಥ ನಿರಾಳ!

ಮನೆಯವರು ಇಲ್ಲದಿದ್ದರೆ ಹೊಸ್ತಿಲಿಗೆ ಅಕ್ಷತೆ ಇಟ್ಟು ಬರುವುದು ನಮ್ಮಲ್ಲಿ ಪದ್ಧತಿ. ಆದರೆ ಅಕ್ಷತೆಯ ಮೇಲೆ ಇಟ್ಟವರ ಹೆಸರಿರುತ್ತದೆಯೇ? ಅಜ್ಜಂಪುರದ ಕಡೆ ಕರೆಯಲು ಹೋಗಿದ್ದ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ದೇವನೂರಿಗಾ? ನಾನ್ಯಾವಾಗ ಹೋದೆ ಕಣಮ್ಮ?"

ಹಾಗಾದರೆ ಆ ಅಕ್ಷತೆ ಬೇರೆ ಯಾರ ಮನೆಯ ಮದುವೆಯದೋ. ನನಗೆ ರೇಗಿತು. "ಅತ್ತೆ ಮುಖ ನೋಡೋದು ತಪ್ತಲ್ಲ ಅಂತ ನಂಬ್ಬಿಟ್ರಿ ಅಲ್ವಾ ಅಪ್ಪ? ನಡೀರಿ, ನಾನೂ ಬತ್ತೀನಿ."

ಅಪ್ಪ ಬೈಕ್ ತೆಗೆದರು. ದಾರಿಯುದ್ದಕ್ಕೂ ನನಗೆ ಭಯ. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿಬಿಟ್ಟರೆ?

ಅತ್ತೆ ಮನೆಯಲ್ಲೇ ಇದ್ದಳು. ಅಪ್ಪ ತಲೆ ತಗ್ಗಿಸಿ ಪತ್ರಿಕೆ ಚಾಚಿದರು.

"ಎಷ್ಟು ಸಲ ಕರೀತೀಯಣ್ಣ?" ಅತ್ತೆ ನಕ್ಕಳು. ಕಣ್ಣು ಆಗಲೇ ತುಂಬಿತ್ತು. "ಹೊಲದಿಂದ ಬಂದು ನೋಡ್ತೀನಿ, ಹೊಸ್ತಿಲ ಮೇಲೆ ಅಕ್ಷತೆ. ಎದುರು ಮನೆಯೋಳು ನೀನು ಬಂದಿದ್ದೆ ಅಂದ್ಳು. ಕೊನೆಗೂ ಬಂದ್ನಲ್ಲ ಅಂತ ಅಲ್ಲೇ ಕೂತ್ಬಿಟ್ಟೆ ಕಣೋ."

ಮಂಚದ ಮೇಲೆ ಮದುವೆಗೆ ಉಡಲೆಂದು ತೆಗೆದಿಟ್ಟ ಸೀರೆಯಿತ್ತು.

ಅಪ್ಪ ನನ್ನತ್ತ ನೋಡಿದರು. ಆಮೇಲೆ, "ಹೂಂ ಕಣಮ್ಮ, ನಾನೇ ಇಟ್ಟಿದ್ದು," ಎಂದರು.

ನಾನು ತಿದ್ದಲು ಹೋಗಲಿಲ್ಲ.